ಹವಾ ಬದಲಾಯಿಸಲು ಹೊರಡುವ ಮುನ್ನ

ಉಬ್ಬಸ ಇರುವವರಿಗೆ ನೆಂಟರು ಬರೆದುಕೊಡುವ ಮೊದಲ ಔಷಧಿ, 'ಸ್ವಲ್ಪ ದಿನ ಹವಾ ಬದಲಾಯಿಸು'. ಅದನ್ನು ನಂಬಿ ಒಂದು ಜುಲೈನಲ್ಲಿ ಬೆಂಗಳೂರು ಬಿಟ್ಟು ಸಾಗರದ ಅಕ್ಕನ ಮನೆಗೆ ಹೋದೆ. ಮೂರನೇ ರಾತ್ರಿ ದಿಂಬಿಗೆ ಒರಗಿ ಕೂತೇ ಬೆಳಗು ಮಾಡಿದೆ. ಗೋಡೆಗೆ ಬೂಷ್ಟು, ಹಾಸಿಗೆಗೆ ಮುಗ್ಗಲು ವಾಸನೆ, ಬಚ್ಚಲೊಲೆಯ ಹೊಗೆ ಬೇರೆ.

ಹಸಿರಿದ್ದಲ್ಲೆಲ್ಲ ಉಸಿರು ಹಗುರಾಗುವುದಿಲ್ಲ. ನನ್ನ ಅಲರ್ಜಿ ಹಾಸಿಗೆಯ ಧೂಳಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳು, ನುಸಿಯದು. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವ ಹೀರಿ ಬದುಕುತ್ತದೆ. ತೇವಾಂಶ ಶೇ. 50ಕ್ಕಿಂತ ಕೆಳಗೇ ಉಳಿದರೆ ಒಣಗಿ ಸಾಯುತ್ತದೆ. ಸ್ವಿಟ್ಜರ್ಲೆಂಡಿನ ದಾವೋಸ್ ಸುಮಾರು 1,560 ಮೀಟರ್ ಎತ್ತರದಲ್ಲಿದೆ. ಉಬ್ಬಸದವರನ್ನು ಅಲ್ಲಿಗೆ ಕಳಿಸುತ್ತಿದ್ದದ್ದಕ್ಕೆ ಒಂದು ಕಾರಣ, ಅಲ್ಲಿನ ಒಣ ಗಾಳಿಯಲ್ಲಿ ನುಸಿ ಕಡಿಮೆ ಅಂತ. ನನಗೆ ದಾವೋಸ್ ಎಲ್ಲಿ ಬಂತು, ಒಣ ಸೀಮೆಯ ಚಳ್ಳಕೆರೆಯಲ್ಲಿ ಚಿಕ್ಕಮ್ಮ ಇದ್ದರು!

ಹಾಗಾಗಿ ಮೊದಲು ನಿಮಗೆ ಯಾವುದು ಆಗಿಬರುವುದಿಲ್ಲ ಅಂತ ಡಾಕ್ಟರ ಹತ್ತಿರ ತಿಳಿದುಕೊಳ್ಳಿ, ಊರು ಆಮೇಲೆ. ಒಂದು ಪೀಕ್ ಫ್ಲೋ ಮೀಟರ್ ಕೊಳ್ಳಿ; ಉಸಿರನ್ನು ಎಷ್ಟು ಜೋರಾಗಿ ಊದಬಲ್ಲಿರಿ ಅಂತ ಅಂಕಿಯಲ್ಲಿ ತೋರಿಸುವ ಪುಟ್ಟ ಕೊಳವೆ ಅದು. ಬೆಳಿಗ್ಗೆ, ಸಂಜೆ ಮೂರು ಮೂರು ಸಲ ಊದಿ, ಹೆಚ್ಚು ಬಂದದ್ದನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಹೊರಡುವ ಮುಂಚೆ ಎರಡು ವಾರ ಬರೆದಿದ್ದರೆ ಹೋಲಿಸಲು ಏನಾದರೂ ಇರುತ್ತದೆ. ನನ್ನ ಅತ್ಯುತ್ತಮ ಅಂಕಿ 380. ಸಾಗರದಲ್ಲಿ 240ಕ್ಕೆ ಇಳಿದಿತ್ತು, ಚಳ್ಳಕೆರೆಯ ಮೂರನೇ ವಾರದಲ್ಲಿ 350 ದಾಟಿತು. ನಿಮ್ಮ ಅತ್ಯುತ್ತಮದ ಅರ್ಧಕ್ಕಿಂತ ಕೆಳಗಿಳಿದರೆ ತಕ್ಷಣ ಆಸ್ಪತ್ರೆಗೆ ನಡೆಯಿರಿ.

ಒಣ ಸೀಮೆಗೂ ಅದರದೇ ಕಾಟಗಳಿವೆ. ಆಷಾಢದ ಗಾಳಿಯಲ್ಲಿ ಮಣ್ಣೇ ಹಾರುತ್ತದೆ. ಶೇಂಗಾ ಬಿಡಿಸುವಾಗ ಕಣದ ಹತ್ತಿರ ಸುಳಿಯಬಾರದು. ಸುಗ್ಗಿಯ ಕೆಲಸ ಮುಗಿದ ಮೇಲೆ, ಜನವರಿ-ಫೆಬ್ರವರಿಯಲ್ಲಿ ಹೋಗಿ. ಬೆಳಗಿನ ಚಳಿಯಲ್ಲಿ ವಾಕಿಂಗ್ ಬೇಡ, ಬಿಸಿಲೇರಲಿ. ಮಲಗುವ ಕೋಣೆಗೆ ಎರಡು ಕಿಟಕಿ ಇರಲಿ, ಅಡುಗೆಮನೆಯ ಹೊಗೆ ಅತ್ತ ಬರದಿರಲಿ. ಚಿಕ್ಕಮ್ಮ ಅಕ್ಕರೆಯಿಂದ ಹೊದಿಸಿದ ಕುರಿ ಕಂಬಳಿಯನ್ನು ಮಡಿಸಿಟ್ಟು, ಒಗೆದ ಹತ್ತಿ ದುಪ್ಪಟಿ ಕೇಳಿ ಪಡೆದೆ. ಅವರಿಗೆ ಸ್ವಲ್ಪ ಬೇಜಾರಾಯಿತು.

ಇನ್ನು ನಾನು ಮಾಡಿದ ಪೆದ್ದುತನ: ಹತ್ತನೇ ದಿನ 'ವಾಸಿಯಾಯ್ತು' ಅಂತ ದಿನನಿತ್ಯದ ಇನ್ಹೇಲರ್ ನಿಲ್ಲಿಸಿದೆ. ಐದೇ ದಿನಕ್ಕೆ ಎದೆ ಮತ್ತೆ ಸಿಳ್ಳೆ ಹಾಕಿತು. ಡಾಕ್ಟರು ಹೇಳದೆ ಔಷಧಿ ಬಿಡಬೇಡಿ. ತುರ್ತಿನ ಇನ್ಹೇಲರ್ ಬ್ಯಾಗಿನ ತಳದಲ್ಲಲ್ಲ, ದಿಂಬಿನ ಪಕ್ಕ ಇರಲಿ.

ವಾಪಸು ಬಂದ ಮೇಲೂ ಎರಡು ವಾರ ಊದಿ ಬರೆಯಿರಿ. ಬೆಂಗಳೂರಿಗೆ ಬಂದ ವಾರದಲ್ಲೇ ನನ್ನ ಅಂಕಿ ಇಳಿಯಿತು. ಹದಿನೈದು ವರ್ಷದ ಹತ್ತಿ ಹಾಸಿಗೆಯನ್ನು ಆಗ ಮನೆಯಿಂದ ಹೊರಗೆ ಹಾಕಿದೆ.