ಗ್ರಂಥಾಲಯದ ಮೇಜಿನ ಮೇಲೆ ಮೊಬೈಲ್: ದಾವಣಗೆರೆಯಲ್ಲಿ ಖಾಸಗಿತನದ ಪಾಠ

ಪದವಿ ಕಾಲೇಜಿನಲ್ಲಿ ಗಣಕ ವಿಜ್ಞಾನ ಕಲಿಸುವ ನಾನು ದಾವಣಗೆರೆಯ ಸಾರ್ವಜನಿಕ ಗ್ರಂಥಾಲಯದ ಶಾಖೆಯೊಂದರಲ್ಲಿ ಭಾನುವಾರಗಳಂದು ಆನ್‌ಲೈನ್ ಖಾಸಗಿತನದ ತರಗತಿಗಳನ್ನು ನಡೆಸುತ್ತ ಬಂದಿದ್ದೇನೆ. ಬರುವವರಲ್ಲಿ ಹೆಚ್ಚಿನವರನ್ನು ಕರೆತರುವುದು ಭಯ. ಪಕ್ಕದ ಮನೆಯವರ ಖಾತೆಯಿಂದ ದುಡ್ಡು ಹೋಯಿತು, ಯಾರೋ ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೊ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿದರು ಎಂಬ ಸುದ್ದಿ ಕಿವಿಗೆ ಬಿದ್ದ ಮೇಲೆ ಅವರು ಬರುತ್ತಾರೆ. ಓಟಿಪಿ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಹಣ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ ಎಂಬುದನ್ನು ಬ್ಯಾಂಕಿನವರೂ ಪೊಲೀಸರೂ ಹೇಳುತ್ತಲೇ ಇರುತ್ತಾರೆ, ಅದು ಬೇಕಾದ ಮಾತೇ. ಆದರೆ ಕರೆ ಮಾಡಿದವನಿಗೆ ನಮ್ಮ ಹೆಸರು, ನಮ್ಮ ಬ್ಯಾಂಕು, ಮಗಳು ಓದುತ್ತಿರುವ ಕಾಲೇಜು ಇವೆಲ್ಲ ಮೊದಲೇ ಹೇಗೆ ತಿಳಿದಿದ್ದವು ಎಂಬ ಪ್ರಶ್ನೆಗೆ ಆ ಎಚ್ಚರಿಕೆಗಳಲ್ಲಿ ಉತ್ತರವಿರುವುದಿಲ್ಲ. ನನ್ನ ಪಾಠ ಆ ಪ್ರಶ್ನೆಯಿಂದ ಆರಂಭವಾಗುತ್ತದೆ.

ಗ್ರಂಥಾಲಯವನ್ನೇ ಆಯ್ದುಕೊಂಡದ್ದಕ್ಕೆ ಕಾರಣವಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಂತೆ ಊರಿನವರು ಆಸ್ತಿ ತೆರಿಗೆಯ ಜೊತೆಗೆ ಕಟ್ಟುವ ಕರದ ಬಲದಿಂದ ನಡೆಯುವ ಸಂಸ್ಥೆ ಅದಾದ್ದರಿಂದ, ಒಳಗೆ ಬರುವವರು ಯಾರ ಗ್ರಾಹಕರೂ ಆಗಬೇಕಿಲ್ಲ, ಅವರಿಗೆ ಏನನ್ನಾದರೂ ಮಾರುವ ಹಂಗು ನಮಗೂ ಇಲ್ಲ. ಬೆಳಗಿನ ಪತ್ರಿಕೆಗೆಂದು ಬರುವ ನಿವೃತ್ತರು, ಊರಿನ ಹತ್ತಿ ಗಿರಣಿಗಳ ಕಾಲವನ್ನು ಕಂಡ ಹಿರಿಯರು, ಪಿಡಿಒ ಮತ್ತು ಕಾನ್‌ಸ್ಟೇಬಲ್ ಪರೀಕ್ಷೆಗೆಂದು ದಿನವಿಡೀ ಓದುವ ಹುಡುಗ ಹುಡುಗಿಯರು ಒಂದೇ ಸೂರಿನಡಿ ಸಿಗುವ ಇನ್ನೊಂದು ಜಾಗ ನನಗೆ ಈ ಊರಿನಲ್ಲಿ ಕಂಡಿಲ್ಲ.

ಪಾಠ ಹೇಳುವ ಜಾಗ ಮೊದಲು ತಾನು ಸರಿಯಿರಬೇಕು. ಬಾಗಿಲ ಬಳಿಯ ಹಾಜರಿ ಪುಸ್ತಕದಲ್ಲಿ ಹೆಸರು, ಊರು, ಮೊಬೈಲ್ ಸಂಖ್ಯೆ, ಸಹಿ ಎಂಬ ಅಂಕಣಗಳಿರುವುದು ನಮ್ಮಲ್ಲಿ ಎಲ್ಲ ಕಡೆ ರೂಢಿ. ಯುವತಿಯೊಬ್ಬಳು ಅಲ್ಲಿ ಬರೆದ ಸಂಖ್ಯೆಯನ್ನು ಅವಳ ಹಿಂದೆ ನಿಂತವರೆಲ್ಲ ಓದಬಹುದು. ಗ್ರಂಥಪಾಲಕರೊಡನೆ ಮಾತನಾಡಿ, ತರಗತಿಗೆ ಬರುವವರಿಂದ ಸಂಖ್ಯೆ ಕೇಳುವುದು ಬೇಡ, ತಲೆ ಎಣಿಕೆ ಸಾಕು ಎಂದು ಒಪ್ಪಿಸಿದೆ. ಓದುಗರ ಬಳಕೆಯ ಕಂಪ್ಯೂಟರುಗಳಲ್ಲಿ ಬ್ರೌಸರ್ ಮುಚ್ಚಿದೊಡನೆ ಇತಿಹಾಸ, ಕುಕೀ, ಲಾಗಿನ್‌ಗಳು ತಾವಾಗಿಯೇ ಅಳಿಯುವಂತೆ ಮಾಡಿ, ಪಾಸ್‌ವರ್ಡ್ ಉಳಿಸಿಕೊಳ್ಳಲೇ ಎಂದು ಕೇಳುವ ಸೌಲಭ್ಯವನ್ನು ನಿಲ್ಲಿಸಿದೆವು. ಅಮೆರಿಕದ ಗ್ರಂಥಾಲಯ ಸಂಘವು ಓದುಗರ ಖಾಸಗಿ ಮಾಹಿತಿಯನ್ನು ಗೋಪ್ಯವಾಗಿಡುವುದು ಗ್ರಂಥಪಾಲಕರ ಕರ್ತವ್ಯವೆಂದು 1939ರಲ್ಲೇ ತನ್ನ ವೃತ್ತಿಸಂಹಿತೆಯಲ್ಲಿ ಬರೆದುಕೊಂಡಿತ್ತು. ನಮ್ಮ ಶಾಖೆಯಲ್ಲಿ ಅದಕ್ಕೆ ಬೇಕಾದದ್ದು ಒಂದು ಮಧ್ಯಾಹ್ನದ ಕೆಲಸ ಮಾತ್ರ. ಇವೆಲ್ಲಕ್ಕಿಂತ ಕಷ್ಟವಾದದ್ದು ಫೋಟೊ. ಸರ್ಕಾರಿ ಕಟ್ಟಡದಲ್ಲಿ ಯಾವ ಕಾರ್ಯಕ್ರಮ ನಡೆದರೂ ಸ್ಥಳ, ಸಮಯ ನಮೂದಾದ ಚಿತ್ರವೊಂದು ವಾಟ್ಸ್‌ಆ್ಯಪ್ ಗುಂಪಿಗೆ ಹೋಗಲೇಬೇಕೆಂಬ ವಾಡಿಕೆ ಬೇರೂರಿದೆ. ಕೊನೆಗೆ ಮೇಜಿನ ಮೇಲಿನ ಕೈಗಳು ಮತ್ತು ಹಿಂಬದಿಯಿಂದ ಕಾಣುವ ತಲೆಗಳು ಸಾಕು ಎಂಬ ಒಪ್ಪಂದಕ್ಕೆ ಬಂದೆವು.

ಮೊದಲ ಪಾಠ ಆಧಾರ್ ಪಿಡಿಎಫ್. ಗೃಹಲಕ್ಷ್ಮಿಗೆ, ವಿದ್ಯಾರ್ಥಿವೇತನಕ್ಕೆ, ಸೇವಾಸಿಂಧು ಅರ್ಜಿಗೆ ಎಂದು ಸೈಬರ್ ಸೆಂಟರಿನವರಿಗೆ ವಾಟ್ಸ್‌ಆ್ಯಪ್ ಮೂಲಕ ಕಳುಹಿಸಿದ ಆ ಕಡತ ಈಗ ಎಲ್ಲಿದೆ ಎಂದು ಕೇಳುತ್ತೇನೆ. ಪ್ರತಿಯೊಬ್ಬರೂ ತಮ್ಮ ಫೋನಿನಲ್ಲಿ ಆ ಚಾಟ್ ತೆರೆದು, ಡಾಕ್ಯುಮೆಂಟ್ಸ್ ಪಟ್ಟಿ ನೋಡುತ್ತಾರೆ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ಮೊದಲ ಪುಟ, ಜಾತಿ ಪ್ರಮಾಣಪತ್ರ ಎಲ್ಲವೂ ಅಲ್ಲಿರುತ್ತವೆ. ಎಲ್ಲರ ಫೋನಿನಿಂದಲೂ ಅಳಿಸುವ ಅವಕಾಶವನ್ನು ವಾಟ್ಸ್‌ಆ್ಯಪ್ ಕೊಡುವುದು ಕಳುಹಿಸಿದ ಎರಡು ದಿನ ಚಿಲ್ಲರೆಯೊಳಗೆ ಮಾತ್ರವಾದ್ದರಿಂದ, ಹಳೆಯ ಕಡತ ಆ ಕಡೆಯ ಕಂಪ್ಯೂಟರಿನ ಡೌನ್‌ಲೋಡ್ಸ್‌ನಲ್ಲಿ ಹಾಗೆಯೇ ಇರುತ್ತದೆ. ಅದಕ್ಕೆ ಪಾಸ್‌ವರ್ಡ್ ಇದೆಯಲ್ಲ ಎಂದು ಯಾರಾದರೂ ಹೇಳುವುದುಂಟು. ಇ-ಆಧಾರ್ ಕಡತದ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ದೊಡ್ಡಕ್ಷರದಲ್ಲಿ, ಅದರ ಮುಂದೆ ಹುಟ್ಟಿದ ಇಸವಿ. ಇದನ್ನು ಹಲಗೆಯ ಮೇಲೆ ಬರೆದಾಗ ಕೋಣೆಯಲ್ಲಿ ಒಂದು ಕ್ಷಣ ಗುಜುಗುಜು ಏಳುತ್ತದೆ, ಏಕೆಂದರೆ ಪಕ್ಕದಲ್ಲಿ ಕುಳಿತವರ ಪಾಸ್‌ವರ್ಡ್ ಪ್ರತಿಯೊಬ್ಬರಿಗೂ ಗೊತ್ತಾಗಿಬಿಟ್ಟಿರುತ್ತದೆ.

ಮುಂದಿನ ಕೆಲಸ ಸರಳ. ಆಧಾರ್ ಪ್ರಾಧಿಕಾರದ ಜಾಲತಾಣದಿಂದ, ಸಂಖ್ಯೆಯ ಕೊನೆಯ 4 ಅಂಕಿಗಳಷ್ಟೇ ಕಾಣುವ 'ಮಾಸ್ಕ್ಡ್ ಆಧಾರ್' ಅನ್ನು ಇಳಿಸಿಕೊಳ್ಳುವುದನ್ನು ಎಲ್ಲರೂ ತಮ್ಮ ಕೈಯಾರೆ ಮಾಡುತ್ತಾರೆ. ಜೆರಾಕ್ಸ್ ಕೊಡಲೇಬೇಕಾದಲ್ಲಿ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನಾಂಕ ಎಂಬುದನ್ನು ಪ್ರತಿಯ ಮೇಲೆ ಅಡ್ಡಲಾಗಿ ಬರೆದು ಸಹಿ ಮಾಡಿ ಎಂದು ಹೇಳುತ್ತೇನೆ. ಮಾಸ್ಕ್ ಮಾಡಿದ ಪ್ರತಿಯನ್ನು ಎಲ್ಲ ಕಡೆಯೂ ಒಪ್ಪುತ್ತಾರೆಂದು ಮಾತ್ರ ಭರವಸೆ ಕೊಡುವುದಿಲ್ಲ. ಲಾಡ್ಜಿನಲ್ಲಿ, ಬಾಡಿಗೆ ಮನೆಗೆ ಕೇಳುವಲ್ಲಿ ಮೊದಲು ಅದನ್ನೇ ಮುಂದಿಡಿ, ಒಪ್ಪದಿದ್ದರೆ ಬೇರೆ ಗುರುತಿನ ಚೀಟಿ ಸಾಕೇ ಎಂದು ಕೇಳಿ ಎನ್ನುತ್ತೇನೆ.

ಈ ಹೊತ್ತಿಗೆ ಯಾರಾದರೂ ಒಬ್ಬರು ಎದ್ದು ನಿಂತು "ನಮ್ದೇನೈತ್ರೀ ಸರ ಮುಚ್ಚಿಡೋದು, ನಾವೇನ್ ಕಳ್ಳತನ ಮಾಡೀವಾ?" ಎನ್ನುತ್ತಾರೆ. ನಮ್ಮ ಕಡೆಯ ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದನ್ನು ಅವರಿಗೆ ನೆನಪಿಸುತ್ತೇನೆ. ಅಲ್ಲಿ ಕೊಳ್ಳುವವನೂ ಮಾರುವವನೂ ಕಳ್ಳರಲ್ಲ. ಪಕ್ಕದಲ್ಲಿ ನಿಂತವನಿಗೆ ಬೆಲೆ ತಿಳಿದರೆ ಮುಂದಿನ ವ್ಯಾಪಾರ ಕೆಡುತ್ತದೆ ಎಂಬುದಷ್ಟೇ ವಿಷಯ. ಹೈಸ್ಕೂಲ್ ಮೇಷ್ಟರಾಗಿದ್ದವರು, ವಕೀಲರು ಇದ್ದ ದಿನ ಇನ್ನೊಂದು ಮಾತು ಸೇರಿಸುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಿರಿಯರಿಗೆ ಈ ಸಂಗತಿ ಇಷ್ಟವಾಗುತ್ತದೆ. ಹುಡುಗರಿಗೆ ಅದು ಸಾಮಾನ್ಯ ಜ್ಞಾನದ ಪ್ರಶ್ನೆ, ಬರೆದುಕೊಳ್ಳುತ್ತಾರೆ.

ಫೋನಿನ ಸೆಟ್ಟಿಂಗ್ಸ್ ವಿಷಯಕ್ಕೆ ಬಂದಾಗ ಒಂದು ದಿನಕ್ಕೆ ಒಂದೇ ಸಂಗತಿ ಎಂಬ ನಿಯಮ ಇಟ್ಟುಕೊಂಡಿದ್ದೇನೆ. ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಕಡೆ ಅಡಗಿರುವ ಆಯ್ಕೆಗಳನ್ನು ದಾರಿ ಹೇಳಿ ತಲುಪಿಸುವುದು ಆಗದ ಮಾತು. ಆದ್ದರಿಂದ ಸೆಟ್ಟಿಂಗ್ಸ್‌ನ ಮೇಲ್ಭಾಗದಲ್ಲಿರುವ ಹುಡುಕುವ ಪಟ್ಟಿಯನ್ನು ಬಳಸುವುದನ್ನೇ ಮೊದಲು ಕಲಿಸುತ್ತೇನೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡುವುದು 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಎಂಬ ಪುಟಕ್ಕೆ. ಮದುವೆ ಆಮಂತ್ರಣ, ವಾಹನದ ದಂಡದ ಚಲನ್, ಪಿಎಂ ಕಿಸಾನ್ ಕಂತು ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಕಡತ, ಅಂದರೆ ಪ್ಲೇ ಸ್ಟೋರಿನ ಹೊರಗಿನಿಂದ ಬರುವ ಆ್ಯಪ್, ಫೋನಿನಲ್ಲಿ ಇನ್‌ಸ್ಟಾಲ್ ಆಗಬೇಕಾದರೆ ಈ ಪುಟದಲ್ಲಿ ವಾಟ್ಸ್‌ಆ್ಯಪ್‌ಗೋ ಕ್ರೋಮ್‌ಗೋ ಫೈಲ್ ಮ್ಯಾನೇಜರ್‌ಗೋ ಅನುಮತಿ ಇರಬೇಕು. ಇನ್‌ಸ್ಟಾಲ್ ಆದ ಮೇಲೆ ಅದು ಕೇಳುವುದು ಎಸ್‌ಎಂಎಸ್ ಓದುವ ಅನುಮತಿ. ಅದು ಸಿಕ್ಕಿತೆಂದರೆ ನೀವು ಯಾರಿಗೂ ಓಟಿಪಿ ಹೇಳಬೇಕಾಗಿಯೇ ಇಲ್ಲ, ಬಂದ ಓಟಿಪಿಯನ್ನು ಅದೇ ಓದಿ ಆಚೆಗೆ ಕಳುಹಿಸುತ್ತದೆ. ಓಟಿಪಿ ಹೇಳಲೇ ಇಲ್ಲ, ಆದರೂ ಹಣ ಹೋಯಿತು ಎಂದು ಮನೆಯವರಿಂದ ಬೈಸಿಕೊಂಡವರಿಗೆ ಈ ವಿವರಣೆ ಕೇಳಿ ಸಮಾಧಾನವಾಗುವುದನ್ನು ಕಂಡಿದ್ದೇನೆ. ಆ ಪುಟದಲ್ಲಿರುವ ಎಲ್ಲವನ್ನೂ ಬಂದ್ ಮಾಡಿ, ಪರ್ಮಿಷನ್ ಮ್ಯಾನೇಜರ್‌ನಲ್ಲಿ ಎಸ್‌ಎಂಎಸ್ ಮತ್ತು ಕಾಂಟ್ಯಾಕ್ಟ್ಸ್ ಯಾವ ಯಾವ ಆ್ಯಪ್‌ಗಳ ಕೈಯಲ್ಲಿವೆ ಎಂದು ನೋಡಿದರೆ ಆ ದಿನದ ಪಾಠ ಮುಗಿಯಿತು. ಕಾಂಟ್ಯಾಕ್ಟ್ಸ್ ವಿಷಯದಲ್ಲಿ ನಾನು ಸ್ವಲ್ಪ ಹಟ ಹಿಡಿಯುತ್ತೇನೆ, ಏಕೆಂದರೆ ಸಾಲದ ಆ್ಯಪ್ ಒಂದಕ್ಕೆ ಆ ಅನುಮತಿ ಕೊಟ್ಟವರು ತಮ್ಮದರ ಜೊತೆಗೆ ನೂರಾರು ಬಂಧುಬಳಗದವರ ಸಂಖ್ಯೆಯನ್ನೂ ಕೊಟ್ಟಿರುತ್ತಾರೆ, ವಸೂಲಿಯ ಬೈಗುಳ ಹೋಗುವುದು ಅವರಿಗೆಲ್ಲ.

ಪಾಸ್‌ವರ್ಡ್‌ಗಳನ್ನು ಎಲ್ಲಿಯೂ ಬರೆಯಬೇಡಿ ಎಂಬ ಉಪದೇಶವನ್ನು ನಾನು ಮಾಡುವುದಿಲ್ಲ. ಅರವತ್ತು ದಾಟಿದವರಿಗೆ ಮನೆಯ ಬೀರುವಿನಲ್ಲಿಟ್ಟ ನೋಟ್‌ಬುಕ್, ಎಲ್ಲ ಖಾತೆಗೂ ಮೊಮ್ಮಗನ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಳ್ಳುವುದಕ್ಕಿಂತ ಎಷ್ಟೋ ಸುರಕ್ಷಿತ. ಯುಪಿಐ ಪಿನ್ ಒಂದನ್ನು ಬರೆಯಬಾರದು, ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ ಎಂಬೆರಡನ್ನು ಮಾತ್ರ ಒತ್ತಿ ಹೇಳುತ್ತೇನೆ.

ಮಹಿಳೆಯರಿಗೆ ಪ್ರತ್ಯೇಕ ವೇಳೆ ಇಟ್ಟ ಮೇಲೆ ಪ್ರಶ್ನೆಗಳ ಸ್ವರೂಪವೇ ಬದಲಾಯಿತು. ಅಲ್ಲಿ ಭಯ ದೂರದ ವಂಚಕನದ್ದಲ್ಲ, ಮನೆಯೊಳಗಿನವರದ್ದು ಎಂಬ ಸಂದರ್ಭಗಳಿವೆ. ವಾಟ್ಸ್‌ಆ್ಯಪ್‌ನ 'ಲಿಂಕ್ಡ್ ಡಿವೈಸಸ್' (ಅದೇ ಖಾತೆಯ ಸಂದೇಶಗಳನ್ನು ಓದಬಲ್ಲ ಬೇರೆ ಸಾಧನಗಳ ಪಟ್ಟಿ) ತೆರೆದಾಗ ತನ್ನದಲ್ಲದ ಕಂಪ್ಯೂಟರೊಂದು ಪಟ್ಟಿಯಲ್ಲಿ ಕಾಣಿಸಿಕೊಂಡರೆ ತಕ್ಷಣ ತೆಗೆದುಹಾಕಿ ಎಂದು ಹೇಳುವುದು ಸುಲಭ. ಆದರೆ ಅದನ್ನು ಜೋಡಿಸಿದವರು ಗಂಡನೋ ಅಣ್ಣನೋ ಆಗಿದ್ದರೆ, ತೆಗೆದ ಸಂಗತಿ ಅವರಿಗೆ ಕೂಡಲೇ ತಿಳಿಯುತ್ತದೆ, ಸಂಜೆ ಮನೆಗೆ ಹೋಗಬೇಕಾದವಳು ಅವಳು. ಆದ್ದರಿಂದ ಈ ತರಗತಿಯನ್ನು ನಡೆಸಿಕೊಡುವ ಸಹೋದ್ಯೋಗಿ ಮೇಡಂ ಮೊದಲು ನೋಡುವುದನ್ನಷ್ಟೇ ಕಲಿಸುತ್ತಾರೆ. ತೆಗೆಯುವುದು ಯಾವಾಗ, ತೆಗೆಯಬೇಕೇ ಬೇಡವೇ ಎಂಬುದನ್ನು ಅವಳೇ ನಿರ್ಧರಿಸುತ್ತಾಳೆ. ವಾಟ್ಸ್‌ಆ್ಯಪ್‌ನ ಎರಡು ಹಂತದ ಪರಿಶೀಲನೆಯ 6 ಅಂಕಿಯ ಪಿನ್ ಇಡುವುದನ್ನು ಮಾತ್ರ ಎಲ್ಲರೂ ಅಲ್ಲಿಯೇ ಮಾಡಿ ಹೋಗುತ್ತಾರೆ.

ನನ್ನೊಬ್ಬನಿಂದ ಇಷ್ಟು ಫೋನುಗಳನ್ನು ನೋಡಲಾಗದು. ಓದುವ ಕೋಣೆಯ ಪರೀಕ್ಷಾರ್ಥಿಗಳೇ ಸಹಾಯಕ್ಕೆ ಬಂದರು, ಅವರಿಗೆ ಒಂದೇ ಷರತ್ತು: ಕೈ ಹಿಂದೆ ಕಟ್ಟಿಕೊಂಡು ಕಲಿಸಬೇಕು, ಬೇರೆಯವರ ಫೋನ್ ಮುಟ್ಟಕೂಡದು. "ಕೊಡಿ ಅಜ್ಜಾರೆ, ನಾನೇ ಮಾಡಿಕೊಡ್ತೀನಿ" ಎನ್ನುವ ಒಳ್ಳೆಯತನದಿಂದಲೇ ಅಜ್ಜ ಪ್ರತಿ ಬಾರಿಯೂ ಫೋನನ್ನು ಇನ್ನೊಬ್ಬರ ಕೈಗೆ ಕೊಡುವುದು ರೂಢಿಯಾಗಿರುತ್ತದೆ. ಒಂದು ಆಯ್ಕೆ ಹುಡುಕಲು ಅಜ್ಜನಿಗೆ ಹತ್ತು ನಿಮಿಷ ಹಿಡಿದರೆ ಹಿಡಿಯಲಿ, ಗ್ರಂಥಾಲಯದಲ್ಲಿ ಯಾರಿಗೂ ಅವಸರವಿಲ್ಲ.

ಜಗಳೂರು ತಾಲ್ಲೂಕಿನ ಹಳ್ಳಿಗಳ ಕಡೆ, ಈಗ ಅರಿವು ಕೇಂದ್ರಗಳೆಂದು ಕರೆಯುವ ಪಂಚಾಯಿತಿ ಗ್ರಂಥಾಲಯಗಳಲ್ಲಿ ಇದೇ ಪಾಠವನ್ನು ಮಾಡಿದಾಗ ಕೆಲವನ್ನು ಬದಲಿಸಬೇಕಾಯಿತು. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ, ಬೆರಳೊತ್ತಿ ಹಣ ಪಡೆಯುವ ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ತೆಗೆದ ಪ್ರಕರಣಗಳು 2023ರಲ್ಲಿ ರಾಜ್ಯದಲ್ಲಿ ಸುದ್ದಿಯಾದ ಮೇಲೆ, ಬಯೊಮೆಟ್ರಿಕ್ ಲಾಕ್ ಮಾಡಿ, ಅಂದರೆ ಆಧಾರ್‌ನಲ್ಲಿರುವ ಬೆರಳಚ್ಚು ಬಳಕೆಯಾಗದಂತೆ ಬೀಗ ಹಾಕಿ, ಎಂಬ ಸಲಹೆ ಎಲ್ಲೆಡೆ ಹರಿದಾಡಿತು. ಪೇಟೆಯವರಿಗೆ ನಾನೂ ಅದನ್ನೇ ಹೇಳುತ್ತೇನೆ. ಹಳ್ಳಿಯಲ್ಲಿ ಲಾಕ್ ಮಾಡಿದ ಬೆರಳು ನ್ಯಾಯಬೆಲೆ ಅಂಗಡಿಯ ಯಂತ್ರದಲ್ಲಿ ನಡೆಯುವುದಿಲ್ಲ, ಪಿಂಚಣಿ ಕೊಡಲು ಬರುವವರ ಯಂತ್ರದಲ್ಲೂ ನಡೆಯುವುದಿಲ್ಲ. ಅಗತ್ಯವಿದ್ದಾಗ ತಾತ್ಕಾಲಿಕವಾಗಿ ತೆರೆಯುವ ಸೌಲಭ್ಯ ಎಂ-ಆಧಾರ್ ಆ್ಯಪ್‌ನಲ್ಲಿ ಇದ್ದರೂ, ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಕೈಯಲ್ಲಿರಬೇಕು. ಜೋಡಿಸಿದ ಸಂಖ್ಯೆ ಎಂದೋ ಬಿಟ್ಟುಹೋದ ಸಿಮ್‌ನದ್ದಾಗಿರುವವರು ಅಲ್ಲಿ ಬಹಳ. ಬಿಟ್ಟ ಸಂಖ್ಯೆ 90 ದಿನಗಳ ಬಳಿಕ ಬೇರೊಬ್ಬರಿಗೆ ಹೋಗಬಹುದಾದ್ದರಿಂದ, ಅವರ ಓಟಿಪಿಗಳು ಅಪರಿಚಿತರೊಬ್ಬರ ಫೋನಿಗೆ ಹೋಗುವ ಸಾಧ್ಯತೆಯೂ ಇದೆ. ಹಾಗಾಗಿ ಹಳ್ಳಿಯಲ್ಲಿ ಮೊದಲ ದಿನ ಲಾಕ್ ವಿಷಯವನ್ನೇ ಎತ್ತದೆ, ಆಧಾರ್‌ಗೆ ಮತ್ತು ಬ್ಯಾಂಕಿಗೆ ಯಾವ ಸಂಖ್ಯೆ ಜೋಡಣೆಯಾಗಿದೆ ಎಂದು ನೋಡುತ್ತೇವೆ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ತಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬ ಪಟ್ಟಿ ತೆಗೆಯುತ್ತೇವೆ, ತಮ್ಮದಲ್ಲದ್ದು ಕಂಡರೆ ಅಲ್ಲಿಯೇ 'ನಾಟ್ ಮೈ ನಂಬರ್' ಎಂದು ಗುರುತಿಸುತ್ತೇವೆ. ಸಂಖ್ಯೆ ಬದಲಿಸಬೇಕಾದವರಿಗೆ ಹತ್ತಿರದ ಆಧಾರ್ ಕೇಂದ್ರ ಎಲ್ಲಿದೆ, ಅದು ಯಾವ ದಿನ ತೆರೆದಿರುತ್ತದೆ ಎಂಬ ಚೀಟಿಯನ್ನು ಕೊಡುತ್ತೇವೆ. ಬಯೊಮೆಟ್ರಿಕ್ ಲಾಕ್ ಬೇಕೆನ್ನುವವರು ಆ ಕೆಲಸ ಮುಗಿಸಿಕೊಂಡು ಮುಂದಿನ ಸಲ ಬರುತ್ತಾರೆ.