ಮಾರಿದ ಬೇಸ್ ಗಿಟಾರ್ 22 ವರ್ಷದ ಮೇಲೆ ಹುಡುಕಿ ತಂದಿದ್ದು: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಬೇಸ್ ಸಿಕ್ಕಿದೆ. ಇದನ್ನು ಬರೆಯುವಾಗ ಪಕ್ಕದಲ್ಲೇ ಸ್ಟ್ಯಾಂಡ್ ಮೇಲೆ ಕೂತಿದೆ. "ಯಾವ ಕಾಲದಲ್ಲೋ ಮಾರಿದ್ದನ್ನ ಈಗ ಹುಡುಕ್ತೀಯಾ, ತಲೆ ಸರಿ ಇದೆಯಾ ಮಾರಾಯ" ಎಂದಿದ್ದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಗೆಳೆಯರಿಗೆಲ್ಲ ಫೋಟೋ ಕಳಿಸಿದೆ. ಇಬ್ಬರು ಮಾತ್ರ ಉತ್ತರ ಕೊಟ್ಟರು.

ಅಲೆಂಬಿಕ್ ಸೀರೀಸ್ ಒನ್. 1979ರದು, ಉದ್ದ ಸ್ಕೇಲ್ (ಅಂದರೆ ತಂತಿಯ ಉದ್ದ ಜಾಸ್ತಿ), ಮೇಲಿನ ಹಲಗೆ, ಅಂದರೆ ಟಾಪ್, ಕೊಕೊಬೊಲೊ ಮರದ್ದು. 1972ರಲ್ಲಿ ಜೆಫರ್ಸನ್ ಏರ್‌ಪ್ಲೇನ್ ಬ್ಯಾಂಡಿನ ಜ್ಯಾಕ್ ಕಸಾಡಿಗೆ ಮೊದಲ ಬೇಸ್ ಮಾಡಿಕೊಟ್ಟ ಕಂಪನಿಯದು. ಜ್ಯಾಝ್ ವಾದಕ ಸ್ಟ್ಯಾನ್ಲಿ ಕ್ಲಾರ್ಕ್ ಕೈಯಲ್ಲಿ ನೋಡಿರುತ್ತೀರಲ್ಲ, ಅದು ಗಿಡ್ಡ ಸ್ಕೇಲು. ನನ್ನದನ್ನು 1997ರಲ್ಲಿ ಸ್ಯಾನ್ ಹೊಸೆಯಲ್ಲಿ, ಮದುವೆ ಪಾರ್ಟಿಗಳಲ್ಲಿ ನುಡಿಸುತ್ತಿದ್ದ ವಯಸ್ಸಾದ ಒಬ್ಬರಿಂದ ಕೊಂಡಿದ್ದೆ. ಸುಮಾರು 1,800 ಡಾಲರ್. ಅದು ನನ್ನ ಎರಡು ತಿಂಗಳ ಬಾಡಿಗೆ. ಮನೆಯಲ್ಲಿ ಆಗ ಏನು ನಡೆಯಿತು ಅಂತ ಬರೆಯುವುದಿಲ್ಲ.

ಕೊಕೊಬೊಲೊ ನಮ್ಮ ಬೀಟೆ ಮರದ ದಾಯಾದಿ. ನಮ್ಮಪ್ಪ ಸಾಗರದಲ್ಲಿ ಟಿಂಬರ್ ಡಿಪೋದಲ್ಲಿ ಲೆಕ್ಕ ಬರೆಯುತ್ತಿದ್ದರು. ರಜೆಯಲ್ಲಿ ನಾನು ನಾಟದ ರಾಶಿ ಮೇಲೆ ಕೂತೇ ಬೆಳೆದವನು. ಮರ ಕಂಡರೆ ಮೊದಲು ಗೆರೆ ನೋಡುತ್ತೇನೆ. ಈ ಬೇಸಿನ ಟಾಪ್ ಒಂದೇ ಹಲಗೆಯನ್ನು ಸೀಳಿ, ಪುಸ್ತಕ ಬಿಚ್ಚಿದ ಹಾಗೆ ಜೋಡಿಸಿದ್ದು. ಒಂದು ಸಣ್ಣ ಗಂಟು ಎರಡೂ ಕಡೆ ಬಂದು, ತಂತಿ ಕಟ್ಟುವ ಬ್ರಿಜ್ ಪಕ್ಕದಲ್ಲಿ ಎರಡು ಕಣ್ಣಿನ ಹಾಗೆ ಕಾಣುತ್ತದೆ. ಅದಕ್ಕೇ ಹೆಸರು ಗೂಬೆ.

2001ರಲ್ಲಿ ಡಾಟ್‌ಕಾಮ್ ಕಂಪನಿಗಳು ಒಂದೊಂದೇ ಬಾಗಿಲು ಹಾಕಿದವಲ್ಲ, ಅದರಲ್ಲಿ ನಮ್ಮದೂ ಒಂದು. ಎಚ್-1ಬಿ ವೀಸಾ, ಕೆಲಸ ಇಲ್ಲ, ಮಗಳಿಗೆ ಎಂಟು ತಿಂಗಳು. ಬೇಸನ್ನು ಒಂದು ಅಂಗಡಿಗೆ ಕೊಟ್ಟೆ. 1,100 ಡಾಲರ್ ಕೊಟ್ಟರು. ಬಾಗಿಲ ಹೊರಗೆ ಬಂದು ಐದು ನಿಮಿಷ ಕಾರಿನಲ್ಲಿ ಸುಮ್ನೆ ಕೂತಿದ್ದೆ. ಅವಸರದಲ್ಲಿ ಮಾಡಿದ ಒಂದು ತಪ್ಪೇ ಕೊನೆಗೆ ನನ್ನ ಕೈ ಹಿಡಿಯಿತು. ಬೇಸಿನ ಪವರ್ ಸಪ್ಲೈ, ಅಂದರೆ ಡಿಎಸ್-5 ಬಾಕ್ಸ್ ಮತ್ತು ಐದು ಪಿನ್ನಿನ ಕೇಬಲ್, ಗೆಳೆಯನ ಗ್ಯಾರೇಜಿನಲ್ಲಿ ಉಳಿದುಬಿಟ್ಟಿತ್ತು. ಅಂಗಡಿಯವರು ಕೇಳಲಿಲ್ಲ, ನನಗೂ ನೆನಪಾಗಲಿಲ್ಲ.

ಹುಡುಕಲು ಶುರು ಮಾಡಿದ್ದು 2015ರಲ್ಲಿ. ಎಲ್ಲರೂ ಮಾಡುವುದನ್ನೇ ಮಾಡಿದೆ. ಹಳೆ ಸಾಮಾನು ಮಾರುವ ಸೈಟುಗಳಾದ ರಿವರ್ಬ್, ಈಬೇ, ಕ್ರೇಗ್ಸ್‌ಲಿಸ್ಟ್ ಎಲ್ಲದರಲ್ಲೂ ಅಲರ್ಟ್ ಹಾಕಿದೆ. ಅಂಗಡಿ ಮುಚ್ಚಿ ವರ್ಷಗಳಾಗಿದ್ದವು, ಅವರ ಪುಸ್ತಕ ಎಲ್ಲಿ ಹೋಯಿತೋ. ಅಲೆಂಬಿಕ್‌ನವರು ಸಾಂತಾ ರೋಸಾದಲ್ಲಿ ಇದ್ದಾರೆ. ಬೇಸಿನ ಸೀರಿಯಲ್ ನಂಬರ್ ಕೊಟ್ಟರೆ ಯಾವ ಮರ, ಏನು ಆರ್ಡರ್ ಅಂತ ದಾಖಲೆ ತೆಗೆದು ಹೇಳುತ್ತಾರೆ. ಆದರೆ ನಂಬರ್ ಬೇಕಲ್ಲ! ನಾನು ಬರೆದಿಟ್ಟುಕೊಂಡಿರಲಿಲ್ಲ. ಮೊದಲ ಎರಡು ಅಂಕಿ ವರ್ಷ, ಅದು 79 ಅಂತ ಗೊತ್ತು. ಉಳಿದದ್ದು ಮರೆತಿದ್ದೆ. ನೀವು ಯಾರಾದರೂ ಇವತ್ತು ಏನಾದರೂ ಮಾರುತ್ತಿದ್ದರೆ ಮೊದಲು ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ.

ದುಡ್ಡು ಹೋದ ಕಥೆಗೆ ಬರೋಣ. 2016ರಲ್ಲಿ ಒಂದು ಜಾಹೀರಾತಿನ ಫೋಟೋ ನೋಡಿ "ಇದೇ" ಅಂತ ಸಿಯಾಟಲ್‌ಗೆ ವಿಮಾನ ಹತ್ತಿದೆ. ಟಿಕೆಟ್, ಹೋಟೆಲ್ ಸೇರಿ 450 ಡಾಲರ್ ಆಗಿರಬೇಕು. ಹೋಗಿ ನೋಡಿದರೆ ವಾಲ್‌ನಟ್ ಟಾಪ್. ಹಳದಿ ಬಲ್ಬಿನ ಕೆಳಗೆ ಫೋಟೋ ತೆಗೆದಿದ್ದರು, ಅಷ್ಟೇ. ಮಾರುವವರು ಒಳ್ಳೆಯವರು, ಕಾಫಿ ಕೊಟ್ಟು ಕಳಿಸಿದರು. ಇನ್ನೊಬ್ಬ ಅಡ್ವಾನ್ಸ್ 250 ಡಾಲರ್ ಹಾಕಿಸಿಕೊಂಡು ಮಾಯವಾದ. ಅವನು ಕಳಿಸಿದ್ದ ಫೋಟೋ ಬೇರೆ ಯಾರದೋ ಹಳೆ ಜಾಹೀರಾತಿನದು. ನಾಚಿಕೆಯಾಗಿ ಮನೆಯಲ್ಲಿ ಹೇಳಿರಲಿಲ್ಲ, ಈಗ ಓದಿ ಗೊತ್ತಾಗುತ್ತದೆ.

ಇದಾದ ಮೇಲೆ ಮರದ ಗೆರೆ ಹೋಲಿಸುವ ಕೆಲಸಕ್ಕೆ ಕೂತೆ. 1999ರ ಯುಗಾದಿ ಕಾರ್ಯಕ್ರಮದಲ್ಲಿ ಯಾರೋ ತೆಗೆದ ನಾಲ್ಕು ಫೋಟೋ ಇದ್ದವು. ಪ್ರಿಂಟ್ ಸ್ಕ್ಯಾನ್ ಮಾಡಿದರೆ ಏನೂ ಸಿಗಲಿಲ್ಲ, ಬರೀ ಕೆಂಪು ಮುದ್ದೆ. ನೆಗೆಟಿವ್ ಹುಡುಕಿಸಿ, ಒಬ್ಬರ ಹತ್ತಿರ ಫಿಲ್ಮ್ ಸ್ಕ್ಯಾನರ್ ಎರವಲು ತಂದೆ. ಕೆಂಪು ಮರಕ್ಕೆ ಒಂದು ಉಪಾಯ ಹೇಳುತ್ತೇನೆ. ಬಣ್ಣ ಬಿಟ್ಟುಬಿಡಿ, ಫೋಟೋದ ಒಂದೇ ಬಣ್ಣದ ಚಾನಲ್ ಮಾತ್ರ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಕಪ್ಪು ಗೆರೆಗಳು ಎದ್ದು ಬರುತ್ತವೆ. ಕೊಕೊಬೊಲೊ ಬೆಳಕಿಗೆ ವರ್ಷ ಕಳೆದ ಹಾಗೆ ಕಪ್ಪಾಗುತ್ತದೆ, ಅದಕ್ಕೇ ಬಣ್ಣ ನಂಬಿದರೆ ಕೆಟ್ಟಿರಿ. ಗೆರೆ ಬದಲಾಗುವುದಿಲ್ಲ. ಜಾಹೀರಾತಿನ ಫೋಟೋವನ್ನು ಗಿಂಪ್ ಎಂಬ ಫೋಟೋ ತಿದ್ದುವ ತಂತ್ರಾಂಶದಲ್ಲಿ ಅರ್ಧ ಪಾರದರ್ಶಕ ಮಾಡಿ ಇದರ ಮೇಲೆ ಇಟ್ಟು ತಾಳೆ ನೋಡುತ್ತಿದ್ದೆ. ಎರಡು ವರ್ಷದಲ್ಲಿ ಒಂದು 60 ಬೇಸ್ ನೋಡಿರಬೇಕು. ಒಂದೂ ಗೂಬೆ ಅಲ್ಲ.

ನಡುವೆ ಒಂದು ಅಡ್ಡದಾರಿಯೂ ಹಿಡಿದೆ. ಬೇಸ್ ಸಿಗದಿದ್ದರೆ ಸೌಂಡಾದರೂ ಸಿಗಲಿ ಅಂತ ನನ್ನ ಹತ್ತಿರ ಇದ್ದ ಜ್ಯಾಝ್ ಬೇಸ್ ಎಂಬ ಇನ್ನೊಂದು ಮಾದರಿಗೆ ಅದೇ ತರಹದ ಫಿಲ್ಟರ್ ಪ್ರೀಆಂಪ್, ಅಂದರೆ ಸದ್ದು ತಿದ್ದುವ ಸರ್ಕ್ಯೂಟ್, ಹಾಕಿಸಿದೆ. 300 ಡಾಲರ್ ಮೇಲೆ ಹೋಯಿತು. ಚೆನ್ನಾಗೇ ಇತ್ತು, ಸುಳ್ಳು ಹೇಳಲ್ಲ. ಆದರೆ ಸಾರಿಗೆ ಹುಳಿಪುಡಿ ಹಾಕಿದ ಹಾಗೆ. ನೆಕ್ (ತಂತಿ ಒತ್ತುವ ಉದ್ದನೆಯ ಭಾಗ) ದೇಹದುದ್ದಕ್ಕೂ ಹಾದುಹೋಗಿರುವ ಬೇಸಿನ ಆ ಎಳೆತ, ನೋಟ್ ನಿಂತೇ ಇರುವುದು, ಅದು ಸರ್ಕ್ಯೂಟಿನಲ್ಲಿ ಬರುತ್ತಾ? ಆರು ತಿಂಗಳಿಗೆ ಕಿತ್ತು ಹಾಕಿದೆ.

2021ರಲ್ಲಿ ಗೆಳೆಯ ಗ್ಯಾರೇಜ್ ಖಾಲಿ ಮಾಡುವಾಗ ಫೋನ್ ಮಾಡಿದ. "ಲೇ, ನಿಂದೊಂದು ಕಬ್ಬಿಣದ ಡಬ್ಬ ಇದೆ, ಬಿಸಾಕಲಾ?" ಡಿಎಸ್-5! ಮೇಲೆ ಇಲಿ ಹಿಕ್ಕೆ, ಒಳಗೆ ಕೆಪಾಸಿಟರ್ ಸತ್ತಿದ್ದವು. 15 ಡಾಲರಿನ ಸಾಮಾನು ಹಾಕಿ ಎಬ್ಬಿಸಿದೆ. ಕೇಬಲ್ ಮಾತ್ರ ಇಲಿ ತಿಂದಿತ್ತು. ಬುದ್ಧಿವಂತಿಕೆ ಮಾಡಿ ಸ್ಟೇಜ್ ಲೈಟಿಗೆ ಹಾಕುವ ಡಿಎಂಎಕ್ಸ್ ಕೇಬಲ್ ತಂದೆ, ಅದೂ ಐದು ಪಿನ್ನೇ. ಬಿಚ್ಚಿ ನೋಡಿದರೆ ಮೂರೇ ಪಿನ್ನಿಗೆ ತಂತಿ! ನೀವೂ ಆ ತಪ್ಪು ಮಾಡಬೇಡಿ. ಕೊನೆಗೆ ಐದು ತಂತಿಯ ಕೇಬಲ್ ತಂದು ನಾನೇ ಬೆಸುಗೆ ಹಾಕಿದೆ.

ಬಾಕ್ಸ್ ಮೇಜಿನ ಮೇಲೆ ಇಟ್ಟುಕೊಂಡು ಒಂದು ವಾರ ನೋಡಿದ ಮೇಲೆ ಹೊಳೆಯಿತು. ನನ್ನ ಹತ್ತಿರ ಬಾಕ್ಸ್ ಇದೆ, ಬೇಸ್ ಇಲ್ಲ. ಎಲ್ಲೋ ಒಬ್ಬನ ಹತ್ತಿರ ಬೇಸ್ ಇದೆ, ಬಾಕ್ಸ್ ಇಲ್ಲ. ಬಾಕ್ಸ್ ಇಲ್ಲದಿದ್ದರೆ ಒಳಗಿನ ಎರಡು 9 ವೋಲ್ಟ್ ಬ್ಯಾಟರಿ ಮೇಲೆ ನುಡಿಸಬೇಕು, ಅವು ಬೇಗ ಖಾಲಿಯಾಗುತ್ತವೆ, ಪ್ರತಿ ಸಲ ಹಿಂದಿನ ಪ್ಲೇಟ್ ಬಿಚ್ಚಬೇಕು. ಆ ಮನುಷ್ಯ 20 ವರ್ಷದಿಂದ ಗೊಣಗುತ್ತಿರುತ್ತಾನೆ. ಬೇಸ್ ಮಾರಲು ಇಟ್ಟಿಲ್ಲ, ಅದಕ್ಕೇ ಅಲರ್ಟಿನಲ್ಲಿ ಬರುತ್ತಿಲ್ಲ. ನಾನು ಹುಡುಕಬೇಕಾದ್ದು ಮಾರುವವನನ್ನಲ್ಲ, ಬಾಕ್ಸ್ ಬೇಕಾದವನನ್ನು.

ಗೆಳೆಯರಿಗೆ ಹೇಳಿದರೆ ನಕ್ಕರು. ಒಬ್ಬರು 350 ಡಾಲರಿಗೆ ಬಾಕ್ಸ್ ಕೊಟ್ಟುಬಿಡು, ಗೂಬೆ ಮರೆತುಬಿಡು ಅಂದರು. ನಾನು ಜಾಹೀರಾತು ಹಾಕಿದೆ. ಬಾಕ್ಸ್ ಇದೆ, 70ರ ದಶಕದ ಬೇಸ್ ಇದ್ದವರಿಗೆ ಮಾತ್ರ, ನಿಮ್ಮ ಬೇಸಿನ ಮುಂದಿನ ಹಿಂದಿನ ಫೋಟೋ ಕಳಿಸಿ. ಎಲ್ಲಿ ಹಾಕಿದೆ, ಇನ್ನೊಂದು ಸಾಲು ಏನು ಸೇರಿಸಿದೆ ಅಂತ ಹೇಳುವುದಿಲ್ಲ. ಇನ್ನೊಂದು ಬೇಸಿನ ಮೇಲೆ ಕಣ್ಣಿದೆ, ಕ್ಷಮಿಸಿ.

ಒಂದೂವರೆ ವರ್ಷದಲ್ಲಿ 11 ಜನ ಬರೆದರು. ಅರ್ಧ ಜನ ಬಾಕ್ಸ್ ತೆಗೆದುಕೊಂಡು ಮಾರುವ ವ್ಯಾಪಾರಿಗಳು. ಒಂಬತ್ತನೆಯವರೋ ಹತ್ತನೆಯವರೋ ಉತ್ತರ ಕ್ಯಾಲಿಫೋರ್ನಿಯಾದ ರೆಡ್ಡಿಂಗ್‌ನವರು, ಚರ್ಚಿನಲ್ಲಿ ನುಡಿಸುವ ನಿವೃತ್ತ ಮೇಷ್ಟ್ರು. ಮುಂದಿನ ಫೋಟೋ ಮಸುಕು. ಟಾಪ್ ಹೆಚ್ಚುಕಡಿಮೆ ಕಪ್ಪು. ಗಂಟಿನ ಜಾಗದಲ್ಲಿ ಒಂದು ಮೀನಿನ ಸ್ಟಿಕ್ಕರ್. ಗೆರೆ ಹೋಲಿಸಿದೆ, ಇರಬಹುದು ಅನ್ನಿಸಿತು, ಅಷ್ಟೇ. ಸಿಯಾಟಲ್ ನೆನಪಾಗಿ ಕಾರ್ ಹತ್ತಲಿಲ್ಲ. ಹಿಂದಿನ ಪ್ಲೇಟ್ ಬಿಚ್ಚಿ ಒಳಗಿನ ಫೋಟೋ ಕಳಿಸುತ್ತೀರಾ ಅಂತ ಕೇಳಿದೆ.

ಎರಡು ದಿನ ಬಿಟ್ಟು ಫೋಟೋ ಬಂತು. ಜೊತೆಗೆ ಒಂದು ಪ್ರಶ್ನೆ: ಒಳಗೆ ಟೇಪಿನ ಮೇಲೆ ಏನೋ ಗುಪ್ತ ಲಿಪಿ ಇದೆ, ಬ್ಯಾಟರಿ ಹಾಕುವಾಗೆಲ್ಲ ನೋಡುತ್ತೇನೆ, ಇದೇನು ನಿಮಗೆ ಗೊತ್ತಾ?

ಹಳದಿ ಬಣ್ಣಕ್ಕೆ ತಿರುಗಿದ ಮಾಸ್ಕಿಂಗ್ ಟೇಪು. ನೀಲಿ ಬಾಲ್‌ಪೆನ್. ೧೩-೩-೯೯. ಕೆಳಗೆ "ಬ್ಯಾ. ಹೊಸದು". ನನ್ನದೇ ಅಕ್ಷರ, ೩ರ ಬಾಲ ಯಾವಾಗಲೂ ಸ್ವಲ್ಪ ಜಾಸ್ತಿ ಎಳೆಯುತ್ತೇನೆ. ಯುಗಾದಿ ಕಾರ್ಯಕ್ರಮಕ್ಕೆ ಮುಂಚೆ ಬ್ಯಾಟರಿ ಹಾಕಿ ಬರೆದಿದ್ದು. ಪೂರ್ತಿ ಮರೆತೇಹೋಗಿತ್ತು.

ಆ ಶನಿವಾರವೇ ಹೊರಟೆ, ಮೂರೂವರೆ ಗಂಟೆ ಡ್ರೈವ್. "ರೀ, ಗೂಬೇನ ಮತ್ತೆ ಮನೆಗೆ ತರ್ತೀರಾ?" ಎನ್ನುತ್ತಲೇ ಹೆಂಡತಿ ದಾರಿಗೆ ಚಿತ್ರಾನ್ನ ಕಟ್ಟಿಕೊಟ್ಟಳು. ಮೇಷ್ಟ್ರು 6,500 ಹೇಳಿದರು. ಹೇಗೆ ಇಳಿಸಿದೆ ಅನ್ನುವುದೂ ನನ್ನ ಹತ್ತಿರವೇ ಇರಲಿ, ಬಾಕ್ಸ್ ಸಿಕ್ಕಿಸಿ ಒಂದು ಗಂಟೆ ಅವರ ಕೈಗೇ ನುಡಿಸಲು ಕೊಟ್ಟೆ ಅಂತ ಮಾತ್ರ ಹೇಳುತ್ತೇನೆ. 5,200ಕ್ಕೆ ಆಯಿತು. ಹುಡುಕಾಟದ ಖರ್ಚು ಸೇರಿಸಿದರೆ 6,500 ಆಸುಪಾಸು ಬರುತ್ತದೆ. 1,100ಕ್ಕೆ ಮಾರಿದ್ದು ನೆನಪಿದೆ, ನೀವು ಎತ್ತಬೇಕಾಗಿಲ್ಲ.

ಸ್ಥಿತಿ ಪರವಾಗಿಲ್ಲ. ನೆಕ್ ಒಂದು ಕಡೆ ಸ್ವಲ್ಪ ತಿರುಚಿತ್ತು. ಇದರಲ್ಲಿ ನೆಕ್ ನೇರ ಮಾಡುವ ಎರಡು ಕಡ್ಡಿ, ಅಂದರೆ ಟ್ರಸ್ ರಾಡ್, ಇರುವುದರಿಂದ ಬೇರೆ ಬೇರೆ ಬಿಗಿಸಿ, ದಿನಕ್ಕೆ ಕಾಲು ಸುತ್ತಿಗಿಂತ ಕಡಿಮೆ, ಎರಡು ವಾರದಲ್ಲಿ ಸರಿ ಮಾಡಿದೆ. ನೆಕ್ ಮೇಲಿನ ಲೋಹದ ಪಟ್ಟಿಗಳ (ಫ್ರೆಟ್) ಕೆಲಸಕ್ಕೆ 380 ಹೋಯಿತು. ಹೆಡ್‌ಸ್ಟಾಕಿನ ಬೆಳ್ಳಿ ಲೋಗೋ ಕಪ್ಪಾಗಿದೆ, ಉಜ್ಜಿಲ್ಲ. ಮೀನಿನ ಸ್ಟಿಕ್ಕರನ್ನು ಹೇರ್ ಡ್ರೈಯರ್ ಹಿಡಿದು ಮೆಲ್ಲಗೆ ಬಿಡಿಸಿದರೆ ಕೆಳಗೆ ಮರ ಇನ್ನೂ ಕಿತ್ತಳೆ ಬಣ್ಣವಾಗೇ ಇದೆ. ಒಂದು ಕಣ್ಣು ತಿಳಿ, ಒಂದು ಕಣ್ಣು ಕಪ್ಪು. ಐದು ಕೆಜಿ ಮೇಲಿದೆ, 1997ರಲ್ಲಿ ಇಷ್ಟು ಭಾರ ಇತ್ತಾ ಅಂತ ಅನುಮಾನ.

ಮೇಷ್ಟ್ರು ಒಂದು ಷರತ್ತು ಹಾಕಿದ್ದಾರೆ. ಈಸ್ಟರ್ ಭಾನುವಾರದ ಪ್ರಾರ್ಥನೆಗೆ ಒಂದು ದಿನ ಕೊಡಬೇಕಂತೆ. ಏಪ್ರಿಲ್‌ನಲ್ಲಿ ಮತ್ತೆ ರೆಡ್ಡಿಂಗ್‌ಗೆ ಹೋಗಬೇಕು, ಬಾಕ್ಸ್ ಸಮೇತ.