ಟರ್ಬೊ ಸ್ನೋಮೊಬೈಲ್‌ನ ಬಲ ಹೆಚ್ಚಿಸುವುದು ಹೇಗೆ?

ಟರ್ಬೊಚಾರ್ಜರ್ ಇರುವ ಸ್ನೋಮೊಬೈಲ್‌ನ ಬಲ ಹೆಚ್ಚಿಸಲು ಹೊರಡುವವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಬೂಸ್ಟ್‌ಗೆ, ಅಂದರೆ ಟರ್ಬೊ ಎಂಜಿನ್‌ಗೆ ತುಂಬುವ ಗಾಳಿಯ ಹೆಚ್ಚುವರಿ ಒತ್ತಡಕ್ಕೆ. ಎಂಜಿನ್ನನ್ನು ನಿಯಂತ್ರಿಸುವ ಇಸಿಯು ಸಾಫ್ಟ್‌ವೇರನ್ನು ಬದಲಿಸಿ ಒತ್ತಡವನ್ನು ನಾಲ್ಕು ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಏರಿಸುವುದು ಅಲ್ಪಾವಧಿಯ ಕೆಲಸವಾದ್ದರಿಂದ ಈ ಆತುರ ಸಹಜವೇ. ಆದರೆ ಕ್ರಮದಲ್ಲಿ ಅದು ನಾಲ್ಕನೆಯದು. ಎಂಜಿನ್‌ನ ಆರೋಗ್ಯ, ಅಳತೆಯ ಸಾಧನಗಳು ಮತ್ತು ಇಂಧನ ಪೂರೈಕೆ ಅದಕ್ಕಿಂತ ಮೊದಲು ಬರುತ್ತವೆ. ಅದರ ನಂತರ ಬರುವ ಕ್ಲಚ್ ಹೊಂದಾಣಿಕೆಯನ್ನು ಕೈಬಿಟ್ಟರೆ ಹೊಸದಾಗಿ ಗಳಿಸಿದ ಬಲ ಹಿಮವನ್ನು ತಲುಪುವ ಮೊದಲೇ ಬೆಲ್ಟಿನಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ.

ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಂತೆ ಟರ್ಬೊ ಇಲ್ಲದ ಸಾಮಾನ್ಯ ಎಂಜಿನ್ ಸುಮಾರು ಶೇ 3ರಷ್ಟು ಬಲ ಕಳೆದುಕೊಳ್ಳುತ್ತದೆ. 3,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 70ರಷ್ಟು ಮಾತ್ರ ಇರುತ್ತದೆ. ಬೆಟ್ಟದ ಸವಾರರು ಟರ್ಬೊವನ್ನು ಬಯಸುವುದು ಈ ಕೊರತೆಯನ್ನು ತುಂಬಿಕೊಳ್ಳಲು. ಆರ್ಕ್ಟಿಕ್ ಕ್ಯಾಟ್ ಮತ್ತು ಯಮಹಾ 2017ರ ಮಾದರಿಗಳಲ್ಲಿ 998 ಸಿಸಿಯ ಮೂರು ಸಿಲಿಂಡರ್, ನಾಲ್ಕು ಸ್ಟ್ರೋಕ್ ಟರ್ಬೊ ಎಂಜಿನ್ನನ್ನು ತಂದವು. ಸ್ಕಿ-ಡೂ 2020ರಲ್ಲಿ ಮತ್ತು ಪೊಲಾರಿಸ್ 2022ರ ಮಾದರಿಯಲ್ಲಿ ಎರಡು ಸ್ಟ್ರೋಕ್ ಎಂಜಿನ್‌ಗೆ ಕಾರ್ಖಾನೆಯಲ್ಲೇ ಟರ್ಬೊ ಅಳವಡಿಸಿದವು. ಈ ಲೇಖನದಲ್ಲಿ ಹೇಳಿರುವುದು ಮುಖ್ಯವಾಗಿ ನಾಲ್ಕು ಸ್ಟ್ರೋಕ್ ಯಂತ್ರಗಳಿಗೆ ಅನ್ವಯಿಸುತ್ತದೆ. ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಸುಡದ ಇಂಧನದ ಒಂದು ಪಾಲು ನೇರವಾಗಿ ಹೊಗೆಕೊಳವೆಗೆ ಸೇರುವುದರಿಂದ ಅದರ ಅಳತೆಯ ಲೆಕ್ಕವೇ ಬೇರೆ.

ಮೊದಲು ಇರುವುದನ್ನು ಪರೀಕ್ಷಿಸಿ

ಪ್ರತಿ ಸಿಲಿಂಡರ್‌ನ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತಿದಾಗ ಒಳಗೆ ಏಳುವ ಒತ್ತಡವನ್ನು, ಅಳೆಯಬೇಕು. ಅವುಗಳ ನಡುವೆ ಶೇ 10ಕ್ಕಿಂತ ಹೆಚ್ಚಿನ ಅಂತರ ಕಂಡರೆ ಬಲ ಹೆಚ್ಚಿಸುವ ಆಲೋಚನೆಯನ್ನು ಬದಿಗಿಟ್ಟು ದುರಸ್ತಿಗೆ ತೊಡಗುವುದು ಲೇಸು. ಎಂಜಿನ್ ಆಯಿಲ್ ಮತ್ತು ಕೂಲೆಂಟ್ ಹೊಸದಾಗಿರಬೇಕು. ಟರ್ಬೊದಿಂದ ಎಂಜಿನ್‌ವರೆಗಿನ ಕೊಳವೆಗಳಿಗೆ ಕೆಲವೇ ಪಿಎಸ್‌ಐ ಗಾಳಿ ತುಂಬಿ, ಜೋಡಣೆಯ ಜಾಗಗಳಿಗೆಲ್ಲ ಸಾಬೂನು ನೀರು ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಸಡಿಲವಾದ ಒಂದು ಕ್ಲ್ಯಾಂಪ್ ಸಾಕು, ಟರ್ಬೊ ಅನಗತ್ಯವಾಗಿ ಹೆಚ್ಚು ವೇಗದಲ್ಲಿ ತಿರುಗಿ ಗಾಳಿಯನ್ನು ಕಾಯಿಸುತ್ತಾ ಇರುತ್ತದೆ. ಇಷ್ಟು ಮಾಡಿದ ಮೇಲೆ ಕೆಲವು ಯಂತ್ರಗಳಲ್ಲಿ, ಏನನ್ನೂ ಬದಲಿಸದೆಯೇ, ಹೊಸದರಲ್ಲಿದ್ದ ಚುರುಕು ಮರಳಿ ಬರುವುದುಂಟು.

ಕಾರ್ಖಾನೆಯ ವಾರಂಟಿ ಇನ್ನೂ ಉಳಿದಿದ್ದರೆ ಅದು ಕೈತಪ್ಪಬಹುದು ಎಂಬುದನ್ನೂ, ಹೊಗೆ ಮತ್ತು ಶಬ್ದ ನಿಯಂತ್ರಣದ ಭಾಗಗಳನ್ನು ತೆಗೆಯುವುದು ಹಲವು ಕಡೆ ಕಾನೂನಿಗೆ ವಿರುದ್ಧ ಎಂಬುದನ್ನೂ ಸ್ಪ್ಯಾನರ್ ಹಿಡಿಯುವ ಮೊದಲೇ ವಿಚಾರಿಸಿಕೊಳ್ಳಬೇಕು.

ಅಳೆಯದೆ ಏನನ್ನೂ ಬದಲಿಸಬೇಡಿ

ವೈಡ್‌ಬ್ಯಾಂಡ್ ಆಮ್ಲಜನಕ ಸಂವೇದಕವೊಂದು ಅತ್ಯಗತ್ಯ. ಸಾಧಾರಣ ಸಂವೇದಕವು ಒಂದು ಪಾಲು ಪೆಟ್ರೋಲ್‌ಗೆ 14.7 ಪಾಲು ಗಾಳಿ ಎಂಬ ಆದರ್ಶ ಅನುಪಾತದ ಆಸುಪಾಸನ್ನಷ್ಟೇ ನಿಖರವಾಗಿ ಗುರುತಿಸುತ್ತದೆ. ಬೂಸ್ಟ್‌ನಲ್ಲಿರುವ ಎಂಜಿನ್‌ಗೆ ಬೇಕಾದದ್ದು 11ರಿಂದ 12ರ ನಡುವಿನ ಅನುಪಾತ. ಅಲ್ಲಿ ಸಾಧಾರಣ ಸಂವೇದಕದ ಮಾತನ್ನು ನಂಬುವಂತಿಲ್ಲ. ಇದರ ಜೊತೆಗೆ ಬೂಸ್ಟ್ ಒತ್ತಡ, ಎಂಜಿನ್ ಒಳಸೇರುವ ಗಾಳಿಯ ಉಷ್ಣತೆ, ಆರ್‌ಪಿಎಂ, ಇಗ್ನಿಷನ್ ಟೈಮಿಂಗ್ ಮತ್ತು ಬೆಲ್ಟಿನ ಉಷ್ಣತೆ ಒಟ್ಟಿಗೆ ದಾಖಲಾಗುವ ವ್ಯವಸ್ಥೆ ಇರಬೇಕು. ಯಂತ್ರ ಮೂಲಸ್ಥಿತಿಯಲ್ಲಿ ಇರುವಾಗಲೇ ಒಂದೇ ಇಳಿಜಾರನ್ನು, ಒಂದೇ ಬಗೆಯ ಹಿಮದಲ್ಲಿ, ಪೂರ್ತಿ ಥ್ರಾಟಲ್‌ನಲ್ಲಿ ಮೂರು ಬಾರಿ ಏರಿ ದಾಖಲೆ ತೆಗೆದಿಟ್ಟುಕೊಳ್ಳಬೇಕು. ಮುಂದಿನ ಪ್ರತಿಯೊಂದು ಬದಲಾವಣೆಯನ್ನೂ ತೂಗಿ ನೋಡುವುದು ಈ ದಾಖಲೆಯ ಎದುರಿಗೇ.

ಇಂಧನ ಸಾಕಾಗುತ್ತದೆಯೇ?

ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ 14.7 ಪಿಎಸ್‌ಐ. ಬೂಸ್ಟ್ 10 ಪಿಎಸ್‌ಐ ಇದ್ದಾಗ ಎಂಜಿನ್‌ಗೆ ಸಿಗುವ ಒಟ್ಟು ಒತ್ತಡ 24.7, ಅದನ್ನು 14ಕ್ಕೆ ಏರಿಸಿದರೆ 28.7. ಅಂದರೆ ಉಷ್ಣತೆ ಒಂದೇ ಆಗಿದ್ದಲ್ಲಿ ಗಾಳಿ ಸುಮಾರು ಶೇ 16ರಷ್ಟು ಹೆಚ್ಚು ಬರುತ್ತದೆ, ಇಂಧನವೂ ಅಷ್ಟೇ ಹೆಚ್ಚಬೇಕು. ಇಂಜೆಕ್ಟರ್ ತೆರೆದಿರುವ ಅವಧಿ ಈಗಾಗಲೇ ಶೇ 85ರ ಹತ್ತಿರ ಇದ್ದರೆ ದೊಡ್ಡ ಇಂಜೆಕ್ಟರ್ ಹಾಕದೆ ಮುಂದುವರಿಯಬಾರದು. ಪಂಪಿನ ಬಗ್ಗೆಯೂ ಗಮನವಿರಲಿ: ಬೂಸ್ಟ್ ಎಷ್ಟು ಏರುತ್ತದೋ ಇಂಧನದ ಒತ್ತಡವೂ ಅಷ್ಟೇ ಏರುವಂತೆ ರೆಗ್ಯುಲೇಟರ್ ಇಲ್ಲದಿದ್ದರೆ, ಒಳಗಿನ ಗಾಳಿಯ ಒತ್ತಡಕ್ಕೆ ಎದುರಾಗಿ ಸಿಂಪಡಿಸಬೇಕಾದ ಇಂಜೆಕ್ಟರ್‌ನಿಂದ ಬೇಕಾದಷ್ಟು ಇಂಧನ ಹೊರಡುವುದಿಲ್ಲ. ಇಂಧನ ಕಡಿಮೆಯಾದ ಮಿಶ್ರಣ ಹೆಚ್ಚು ಬಿಸಿಯಾಗಿ, ತಾನಾಗಿಯೇ ಸಿಡಿಯತೊಡಗುತ್ತದೆ. ನಾಕಿಂಗ್ ಎಂದು ಕರೆಯುವ ಈ ಸಿಡಿತ ಪಿಸ್ಟನ್ನಿನ ಅಂಚನ್ನು ಮುರಿಯಲು ಕೆಲವು ಸೆಕೆಂಡುಗಳೇ ಸಾಕು.

ನಾಕಿಂಗ್‌ಗೆ ಮೊದಲ ತಡೆ ಹೆಚ್ಚಿನ ಆಕ್ಟೇನ್ ಇರುವ ಪೆಟ್ರೋಲ್. ಶೇ 85ರವರೆಗೆ ಎಥನಾಲ್ ಇರುವ ಇಂಧನ ಇನ್ನೂ ಹೆಚ್ಚು ತಡೆದುಕೊಳ್ಳುತ್ತದೆ, ಆವಿಯಾಗುವಾಗ ಗಾಳಿಯನ್ನು ತಂಪೂ ಮಾಡುತ್ತದೆ. ಆದರೆ ಅದು ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು ಖರ್ಚಾಗುತ್ತದೆ, ಕೊರೆಯುವ ಚಳಿಯಲ್ಲಿ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗುವುದೂ ಇಲ್ಲ. ಇಂಧನ ಮುಗಿದರೆ ನಡೆದು ಬರಲಾಗದ ಜಾಗಗಳಿಗೆ ಹೋಗುವ ವಾಹನಕ್ಕೆ ಇದು ಸರಿಯಾದ ಆಯ್ಕೆಯಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಬೂಸ್ಟ್ ಮತ್ತು ತಂಪು

ಗಾಳಿಯನ್ನು ಒತ್ತಿದಾಗ ಅದು ಕಾಯುತ್ತದೆ. 0 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು ಶೇ 70 ದಕ್ಷತೆಯ ಕಂಪ್ರೆಸರ್ 14 ಪಿಎಸ್‌ಐ ಬೂಸ್ಟ್‌ಗೆ ಒತ್ತಿದರೆ ಅದು ಹೊರಬರುವಾಗ ಸುಮಾರು 80 ಡಿಗ್ರಿಯಾಗಿರುತ್ತದೆ. ಇಂಟರ್‌ಕೂಲರ್ ಅದನ್ನು 30 ಡಿಗ್ರಿಗೆ ಇಳಿಸಿದರೆ ಅದೇ ಒತ್ತಡದಲ್ಲಿ ಗಾಳಿಯ ಸಾಂದ್ರತೆ ಶೇ 16ರಷ್ಟು ಏರುತ್ತದೆ, ಅಂದರೆ ಮೇಲಿನ ಲೆಕ್ಕದಲ್ಲಿ ನಾಲ್ಕು ಪಿಎಸ್‌ಐ ಏರಿಸಿ ಗಳಿಸಿದಷ್ಟೇ. ಆದ್ದರಿಂದ ಹಣ ಒಂದಕ್ಕೇ ಸಾಲುವಂತಿದ್ದರೆ ದೊಡ್ಡ ಟರ್ಬೊಕ್ಕಿಂತ ಒಳ್ಳೆಯ ಇಂಟರ್‌ಕೂಲರ್ ಮೇಲು. ಚಿಕ್ಕ ಎಂಜಿನ್‌ಗೆ ಭಾರೀ ಟರ್ಬೊ ಕೂರಿಸುವುದು ಮೂಗಿಗಿಂತ ಮೂಗುತಿ ಭಾರ ಎನ್ನುವಂತೆ. ಅದು ವೇಗ ಹಿಡಿಯುವ ಹೊತ್ತಿಗೆ ಇಳಿಜಾರಿನ ಅರ್ಧ ದಾರಿ ಮುಗಿದಿರುತ್ತದೆ. ಇಂಟರ್‌ಕೂಲರ್‌ನ ಮುಖಕ್ಕೆ ಪುಡಿಹಿಮ ಮೆತ್ತಿಕೊಂಡು ಗಾಳಿ ಕಟ್ಟಿಹೋಗದಂತೆಯೂ ನೋಡಿಕೊಳ್ಳಬೇಕು.

ಬೂಸ್ಟನ್ನು ಒಂದೊಂದೇ ಪಿಎಸ್‌ಐ ಏರಿಸಬೇಕು. ಒತ್ತಡ ಹೆಚ್ಚಿದಂತೆ ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ತರಬೇಕು, ಅಂದರೆ ಕಿಡಿ ತುಸು ತಡವಾಗಿ ಹಾರಬೇಕು. ಪ್ರತಿ ಹಂತದಲ್ಲೂ ಕೆಲವೇ ಸೆಕೆಂಡುಗಳ ಪೂರ್ತಿ ಥ್ರಾಟಲ್ ಓಟ, ಆಮೇಲೆ ಎಂಜಿನ್ ನಿಲ್ಲಿಸಿ ದಾಖಲೆಯ ಓದು. ನಾಕಿಂಗ್‌ನ ಸುಳಿವು ಕಂಡರೆ, ಅಥವಾ ಅನುಪಾತ 12ನ್ನು ದಾಟಿ ಇಂಧನದ ಕೊರತೆಯತ್ತ ವಾಲಿದರೆ ಹಿಂದಿನ ಹಂತಕ್ಕೆ ಮರಳಬೇಕು. ಸ್ಪಾರ್ಕ್ ಪ್ಲಗ್ ಒಂದು ಶ್ರೇಣಿ ತಂಪಿನದಾಗಿದ್ದು, ಅದರ ಅಂತರವನ್ನು ಸ್ವಲ್ಪ ಕಿರಿದಾಗಿಸಿದರೆ ಹೆಚ್ಚಿದ ಒತ್ತಡದಲ್ಲಿ ಕಿಡಿ ಆರುವುದಿಲ್ಲ.

ಎತ್ತರದ ಪ್ರದೇಶದಲ್ಲಿ ಬೂಸ್ಟ್ ಗೇಜನ್ನು ಮಾತ್ರ ನೋಡಿದರೆ ಮೋಸಹೋಗುವ ಸಂಭವವಿದೆ. 24.7 ಪಿಎಸ್‌ಐ ಒಟ್ಟು ಒತ್ತಡ ಪಡೆಯಲು ಸಮುದ್ರಮಟ್ಟದಲ್ಲಿ ಟರ್ಬೊ ಗಾಳಿಯನ್ನು 1.7 ಪಟ್ಟು ಒತ್ತಿದರೆ ಸಾಕು. 3,000 ಮೀಟರ್ ಎತ್ತರದಲ್ಲಿ ಅದಕ್ಕೇ 2.4 ಪಟ್ಟಿಗಿಂತ ಹೆಚ್ಚು ಒತ್ತಬೇಕು. ಟರ್ಬೊದ ದಂಡ ಅಷ್ಟು ಹೆಚ್ಚು ವೇಗದಲ್ಲಿ ತಿರುಗಿ, ಗಾಳಿಯೂ ಅಷ್ಟು ಹೆಚ್ಚು ಕಾಯುತ್ತದೆ. ಕಣಿವೆಯಲ್ಲಿ ಸುರಕ್ಷಿತವಾಗಿದ್ದ ಹೊಂದಾಣಿಕೆ ಶಿಖರದಲ್ಲಿ ಟರ್ಬೊವನ್ನೇ ಬಲಿ ತೆಗೆದುಕೊಳ್ಳಬಹುದು. ಚಳಿಯ ಪರಿಣಾಮ ಇದಕ್ಕೆ ತದ್ವಿರುದ್ಧ. ಮೈನಸ್ 25 ಡಿಗ್ರಿಯ ಗಾಳಿ 0 ಡಿಗ್ರಿಯ ಗಾಳಿಗಿಂತ ಶೇ 10ರಷ್ಟು ದಟ್ಟವಾಗಿರುವುದರಿಂದ, ಇಸಿಯು ಉಷ್ಣತೆಗೆ ತಕ್ಕಂತೆ ಇಂಧನ ಹೆಚ್ಚಿಸುತ್ತಿದೆಯೇ ಎಂಬುದನ್ನು ಅತಿ ಚಳಿಯ ಒಂದು ದಿನ ಮತ್ತೆ ಪರೀಕ್ಷಿಸಬೇಕು.

ಕ್ಲಚ್: ಉಳಿದರ್ಧ ಕೆಲಸ

ಸ್ನೋಮೊಬೈಲ್‌ನಲ್ಲಿ ಸವಾರ ಗೇರ್ ಬದಲಿಸುವುದಿಲ್ಲ. ಎರಡು ರಾಟೆಗಳ ನಡುವೆ ಓಡುವ ಒಂದು ಬೆಲ್ಟ್ ಆ ಕೆಲಸ ಮಾಡುತ್ತದೆ. ಎಂಜಿನ್‌ಗೆ ಜೋಡಿಸಿದ ಪ್ರೈಮರಿ ಕ್ಲಚ್‌ನೊಳಗಿನ ತೂಕಗಳು ವೇಗ ಹೆಚ್ಚಿದಂತೆ ಹೊರಕ್ಕೆ ಚಾಚಿ, ಸ್ಪ್ರಿಂಗನ್ನು ಎದುರಿಸಿ, ರಾಟೆಯ ಎರಡು ಹೋಳುಗಳನ್ನು ಒತ್ತಿ ಬೆಲ್ಟನ್ನು ಮೇಲಕ್ಕೇರಿಸುತ್ತವೆ. ಹಿಮದ ಮೇಲೆ ಉರುಳುವ ಪಟ್ಟಿಯಾದ ಟ್ರ್ಯಾಕಿನ ಕಡೆಯ ಸೆಕೆಂಡರಿ ಕ್ಲಚ್‌ನಲ್ಲಿ ಹೀಲಿಕ್ಸ್ ಎಂಬ ಓರೆಯ ಮೇಲ್ಮೈ ಮತ್ತು ಇನ್ನೊಂದು ಸ್ಪ್ರಿಂಗ್, ಟ್ರ್ಯಾಕಿನ ಮೇಲೆ ಬಿದ್ದ ಹೊರೆಗೆ ತಕ್ಕಂತೆ ಬೆಲ್ಟನ್ನು ಬಿಗಿಹಿಡಿಯುತ್ತವೆ. ಇವೆರಡೂ ಕೂಡಿ ಸಾಧಿಸಬೇಕಾದ ಗುರಿ ಒಂದೇ: ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ತನ್ನ ಗರಿಷ್ಠ ಬಲ ಸಿಗುವ ಆರ್‌ಪಿಎಂನಲ್ಲೇ, ಇಳಿಜಾರು ಕಡಿದಾದರೂ ಹಿಮ ಆಳವಾದರೂ, ಅಲುಗದೆ ನಿಲ್ಲುವುದು.

ಬಲ ಹೆಚ್ಚಿಸಿದ ಕೂಡಲೇ ಈ ಸಮತೋಲ ಕೆಡುತ್ತದೆ. ಹಳೆಯ ತೂಕಗಳಿಗೆ ಹೊಸ ಬಲವನ್ನು ತಡೆಹಿಡಿಯಲಾಗದೆ ಎಂಜಿನ್ ಗರಿಷ್ಠ ಬಲದ ಬಿಂದುವನ್ನು ದಾಟಿ ಮೇಲಕ್ಕೆ ಹಾರಿ ಆರ್‌ಪಿಎಂ ಮಿತಿಗೆ ಬಡಿಯುತ್ತದೆ, ಬೆಲ್ಟ್ ಜಾರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ. ಇದಕ್ಕೆ ಮದ್ದು ತೂಕ ಸೇರಿಸುವುದು. ಆರ್‌ಪಿಎಂ ಬೇಕಾದುದಕ್ಕಿಂತ ಕೆಳಗೆ ಬಿದ್ದರೆ ತೂಕ ತೆಗೆಯುವುದು. ಹೊಂದಿಸಬಹುದಾದ ತೂಕಗಳಲ್ಲಿ ಬುಡದ ಕಡೆ ಸೇರಿಸಿದ ಗ್ರಾಂಗಳು ಹೊರಡುವಾಗಿನ ಎಳೆತವನ್ನೂ, ತುದಿಯಲ್ಲಿ ಸೇರಿಸಿದವು ಮೇಲಿನ ವೇಗದ ಎಳೆತವನ್ನೂ ಬದಲಿಸುತ್ತವೆ. ಒಮ್ಮೆಗೆ ಒಂದೆರಡು ಗ್ರಾಂ ಮಾತ್ರ, ಎಲ್ಲ ತೂಕಗಳಲ್ಲೂ ಸಮವಾಗಿ, ಹಾಗೂ ಒಂದು ಭಾಗವನ್ನಷ್ಟೇ ಬದಲಿಸಬೇಕು. ತೂಕ, ಸ್ಪ್ರಿಂಗ್, ಹೀಲಿಕ್ಸ್ ಮೂರನ್ನೂ ಒಂದೇ ದಿನ ಬದಲಿಸಿದವರಿಗೆ ಯಾವುದರಿಂದ ಏನಾಯಿತೆಂದು ಹೇಳಲು ಬರುವುದಿಲ್ಲ.

ಹೀಲಿಕ್ಸ್‌ನ ಕೋನ ಹೆಚ್ಚು ಕಡಿದಾಗಿದ್ದರೆ ಬೆಲ್ಟ್ ಬೇಗ ಮೇಲೇರಿ ವೇಗ ಕೂಡುತ್ತದೆ, ಕಡಿಮೆ ಇದ್ದರೆ ಥ್ರಾಟಲ್ ಬಿಟ್ಟು ಮತ್ತೆ ಒತ್ತಿದಾಗ ಎಳೆತ ಬೇಗ ಮರಳುತ್ತದೆ. ಮರಗಳ ನಡುವೆ ತಿರುಗುತ್ತಾ ಹತ್ತುವವರಿಗೂ ಹೆಪ್ಪುಗಟ್ಟಿದ ಸರೋವರದ ಮೇಲೆ ನೇರವಾಗಿ ಓಡಿಸುವವರಿಗೂ ಒಂದೇ ಹೊಂದಾಣಿಕೆ ಸರಿಹೋಗದಿರುವುದು ಇದೇ ಕಾರಣಕ್ಕೆ.

ಓಟ ಮುಗಿದ ತಕ್ಷಣ ಎಂಜಿನ್ ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಎರಡೂ ರಾಟೆಗಳ ಬಿಸಿ ನೋಡಬೇಕು. ಯಾವುದು ಅತಿಯಾಗಿ ಕಾದಿದೆಯೋ ಬೆಲ್ಟ್ ಜಾರುತ್ತಿರುವುದು ಅಲ್ಲಿ. ರಾಟೆಗಳು ಒಂದೇ ರೇಖೆಯಲ್ಲಿವೆಯೇ ಎಂಬುದನ್ನೂ ಬೆಲ್ಟಿನ ಬಿಗಿಯನ್ನೂ ಪರೀಕ್ಷಿಸದೆ ದುಬಾರಿ ಬೆಲ್ಟ್ ಕೊಳ್ಳುವುದು ದಂಡ. ಹೊಸ ಬೆಲ್ಟನ್ನು ಮೊದಲ ಕೆಲವು ಹತ್ತು ಕಿಲೋಮೀಟರ್ ಮೆದುವಾಗಿ ಓಡಿಸಿ ಪಳಗಿಸಬೇಕು, ಇನ್ನೊಂದನ್ನು ಸದಾ ಜೊತೆಗೆ ಒಯ್ಯಬೇಕು.

ಟ್ರ್ಯಾಕನ್ನು ಸ್ಟ್ಯಾಂಡಿನ ಮೇಲೆತ್ತಿ ತಿರುಗಿಸಿ ನೋಡುವಾಗ ಅದರ ಹಿಂದೆ ಯಾರೂ ನಿಲ್ಲಬಾರದು. ಹಿಡಿತಕ್ಕಾಗಿ ಟ್ರ್ಯಾಕಿಗೆ ಜೋಡಿಸಿದ ಲೋಹದ ಮೊಳೆ ಕಿತ್ತುಬಂದರೆ ಗುಂಡಿನಂತೆ ಹಾರುತ್ತದೆ. ಹೆಚ್ಚಿದ ವೇಗಕ್ಕೆ ಬ್ರೇಕ್ ಪ್ಯಾಡ್ ಮತ್ತು ಚೈನ್ ಸಿದ್ಧವಾಗಿವೆಯೇ ಎಂಬುದನ್ನೂ ನೋಡಬೇಕು. ಗಟ್ಟಿ ಮಂಜುಗಡ್ಡೆಯ ಮೇಲೆ ಟ್ರ್ಯಾಕ್ ಎರಚುವ ಹಿಮ ಸಾಲದೆ ಕೂಲೆಂಟ್ ಬಿಸಿಯಾಗುವುದರಿಂದ, ಅಂಥ ದಾರಿಯಲ್ಲಿ ನೆಲ ಕೆರೆದು ಹಿಮ ಎಬ್ಬಿಸುವ ಸ್ಕ್ರ್ಯಾಚರ್‌ಗಳನ್ನು ಇಳಿಸಿಕೊಳ್ಳಬೇಕು. ಜೋರಾಗಿ ಓಡಿಸಿ ಬಂದ ಮೇಲೆ ಎಂಜಿನ್ನನ್ನು ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ನಿಲ್ಲಿಸಿದರೆ ಟರ್ಬೊದ ಬೇರಿಂಗ್‌ನಲ್ಲಿ ಆಯಿಲ್ ಸುಟ್ಟು ಕಟ್ಟಿಕೊಳ್ಳುವುದಿಲ್ಲ. ಮೊದಲ ದಿನದ ಸವಾರಿಯ ನಂತರ ಎಲ್ಲ ಕ್ಲ್ಯಾಂಪ್‌ಗಳನ್ನು ಮತ್ತೊಮ್ಮೆ ಬಿಗಿಮಾಡಿ, ಪ್ಲಗ್‌ಗಳನ್ನು ಬಿಚ್ಚಿ ನೋಡಬೇಕು. ಅವುಗಳ ಪಿಂಗಾಣಿಯ ಮೇಲೆ ಅಲ್ಯೂಮಿನಿಯಮ್‌ನ ಸಣ್ಣ ಬೆಳ್ಳಿ ಚುಕ್ಕೆಗಳು ಕಂಡರೆ ಪಿಸ್ಟನ್ ಕರಗಲು ತೊಡಗಿದೆ ಎಂದರ್ಥ. ಆ ಯಂತ್ರವನ್ನು ಮತ್ತೆ ಸ್ಟಾರ್ಟ್ ಮಾಡದೆ, ಎಂಜಿನ್ ಬಿಚ್ಚುವ ಜಾಗಕ್ಕೆ ಎಳೆದುಕೊಂಡೇ ಹೋಗಬೇಕು.